ಅವ್ವನ ಏಳು ಕಟ್ಟೆಗಳು

ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದರೂ ನಮ್ಮವ್ವ ದಿನಾ ಸಂಜೆ ಹೂವು ತರಲು ಒಬ್ಬಳೇ ಹೋಗುತ್ತಿದ್ದಳು. ದಾವಣಗೆರೆಯ ಹಳೇ ಊರಿನ ನಮ್ಮ ಓಣಿಯಲ್ಲಿ ಮನೆಮನೆಯ ಮುಂದೂ ಕೂಡುವ ಕಟ್ಟೆ ಇತ್ತು. ಅವುಗಳ ಅಂಚು ಸವರುತ್ತಾ ಏಳು ಕಟ್ಟೆ ದಾಟಿದರೆ ಹೂವಿನವಳು, ಅದು ಅವ್ವನ ಲೆಕ್ಕ. ಜೊತೆಗೆ ಬರುತ್ತೇನೆಂದರೆ ರೇಗುತ್ತಿದ್ದಳು: "ನಾನೇನ್ ಕೂಸೇನು? ನಿನ್ ಕೆಲ್ಸ ನೋಡ್ಕ ಹೋಗು."

ಫುಟ್‌ಪಾತ್ ಮಾಡುತ್ತೇವೆ, ಕಟ್ಟೆ ತೆಗೆಯಿರಿ ಎಂದು ಅಧಿಕಾರಿಗಳು ಬಂದಾಗ ಓಣಿಯವರು ಒಪ್ಪಲಿಲ್ಲ. ಒಪ್ಪಿಸಿದವರು ನಾನು ಮತ್ತು ನಮ್ಮ ಮನೆಯಲ್ಲೇ ಇರುವ ನನ್ನ ತಮ್ಮ. ಆತ ಮನೆಮನೆಗೆ ಹೋಗಿ ಹೇಳಿದ: "ನಮ್ಮವ್ವನಂಥೋರು ಆರಾಮಾಗಿ ನಡೀಲಿ ಬಿಡ್ರಿ. ಒಂದ್ ಗಾಡಿನೂ ಮ್ಯಾಲೆ ಹತ್ತಂಗಿಲ್ಲ, ನಾ ನೋಡ್ಕೊಂತೀನಿ." ಮೊದಲ ಸುತ್ತಿಗೆ ಏಟು ನಮ್ಮ ಕಟ್ಟೆಗೇ ಬಿತ್ತು. ಹೊಡೆದವನೂ ಆತನೇ. ಅವ್ವ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿಸಿಕೊಂಡಳು. ನಾನೇ ದೊಡ್ಡ ಬಾಯಿ ಮಾಡಿ, "ನೋಡವ್ವ, ಇನ್ಮ್ಯಾಲೆ ರಾಣಿ ಹಂಗೆ ನಡೀಬೋದು" ಎಂದೆ. ಎಂಥ ಹುಚ್ಚಿ ನಾನು!

ಫುಟ್‌ಪಾತ್ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಒಂದು ತಿಂಗಳು ಅವ್ವ ಗೋಡೆ ಸವರಿಕೊಂಡು ನಡೆದಳು. ಆಮೇಲೆ ಅದರ ಮೇಲೆ ಒಂದು ಬೈಕು ಹತ್ತಿತು, ಪಕ್ಕಕ್ಕೆ ಇನ್ನೊಂದು. ಕೇಳಿದರೆ, "ಎರಡೇ ನಿಮಿಷರೀ ಅಕ್ಕಾರ." ತಮ್ಮನಿಗೆ ಹೇಳಿದೆ. "ಎಲ್ಲಾರ ಜೊತೆ ಜಗಳ ಆಡಾಕಾಗುತ್ತೇನಕ್ಕ?" ಎಂದು ಮೊಬೈಲಿನಲ್ಲಿ ಮುಖ ಹುದುಗಿಸಿದ. ನನಗೆ ಮೈಯೆಲ್ಲ ಉರಿಯಿತು.

ಒಂದು ಸಂಜೆ ಅವ್ವ ಕಿರುಚಿದ್ದು ಕೇಳಿ ಓಡಿದೆ. ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲಿ ಬೈಕೊಂದರ ಕಾದ ಸೈಲೆನ್ಸರ್ ತಾಗಿ ಮೀನಖಂಡದ ಮೇಲೆ ಬೊಬ್ಬೆ ಎದ್ದಿತ್ತು. ಗೋಡೆಗೆ ಒತ್ತಿ ನಿಲ್ಲಿಸಿದ್ದ ಆ ಬೈಕು, ಹರಿಹರದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ನನ್ನ ತಮ್ಮನದು.

ಅವ್ವನ ಕಾಲಿಗೆ ತಣ್ಣೀರು ಸುರಿಯುತ್ತಾ ಆತನಿಗೆ ಬಾಯಿಗೆ ಬಂದಂತೆ ಬೈದೆ. ಆತ ತಲೆ ತಗ್ಗಿಸಿ, "ನಾನು ನಿಲ್ಲಿಸ್ಲಿಲ್ಲಾಂದ್ರೆ ನಮ್ಮನಿ ಮುಂದಿನ ಜಾಗ ಬ್ಯಾರೇರು ಹಿಡೀತಾರೆ ಅಂತ..." ಎಂದ. ಬೇರೆಯವರು ಮೋಸ ಮಾಡಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದೆ. ನಮ್ಮ ಮಾತು ನಂಬಿ ಕಟ್ಟೆ ಒಡೆಸಿಕೊಂಡವರಿಗೆ ಇನ್ನು ಯಾವ ಮುಖ ತೋರಿಸಲಿ?

ಅವ್ವ ಮಾತ್ರ ಖಾಲಿ ಹೂವಿನ ಬುಟ್ಟಿಯನ್ನು ತಡಕಾಡಿ ನನ್ನ ಕೈಗಿಟ್ಟಳು.

"ನಾಳಿಂದ ಹೂವ ನೀನೇ ತಂದ್ಬಿಡವ್ವ. ನಂಗಿನ್ನ ಬೀದಿ ಬ್ಯಾಡ."