ಕಲ್ಲು ಹೇರಿದ ದೋಣಿ

ಬಂಟ್ವಾಳದ ಅಂಚೆಯವನು ಧರ್ಣಪ್ಪ ಪೂಜಾರಿಗೆ ಬಂದ ಕಾಗದಗಳನ್ನು ಯಾವ ಮನೆಗೂ ಕೊಡುತ್ತಿರಲಿಲ್ಲ. ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿ ನಡೆಸುವ ತುಕ್ರಪ್ಪನ ಕೈಗೆ ಕೊಡುತ್ತಿದ್ದ. ಧರ್ಣಪ್ಪನ ವಾಸ ನೇತ್ರಾವತಿಯ ನಡುವೆ, ಮರಳದಿಬ್ಬದ ಪಕ್ಕ ಲಂಗರು ಹಾಕಿದ ಸರಕಿನ ದೋಣಿಯಲ್ಲಿತ್ತು. ಮೇಲೆ ತೆಂಗಿನ ಮಡಲಿನ ಚಪ್ಪರ, ಕೆಳಗೆ ಒಂದು ಚಾಪೆ, ಮೂಲೆಯಲ್ಲಿ ಮಣ್ಣಿನ ಒಲೆ, ಒಂದು ಉಪ್ಪಿನಕಾಯಿ ಭರಣಿ. ಬೆಳ್ತಂಗಡಿ, ಮಡಂತ್ಯಾರು ಕಡೆಯಿಂದ ಗಾಡಿಯಲ್ಲಿ ಬಂದ ಅಡಿಕೆಯನ್ನೂ ವೇಣೂರಿನ ಅಕ್ಕಿಯನ್ನೂ ಹೇರಿಕೊಂಡು ಮಂಗಳೂರಿನ ಬಂದರಿಗೆ ಹೋಗುವುದು, ಉಪ್ಪು, ಒಣಮೀನು ತುಂಬಿಸಿಕೊಂಡು ಬರುವುದು. ಮಳೆಗಾಲ ಬಿಟ್ಟು ವರ್ಷದ ಎಂಟು ತಿಂಗಳು ಇದೇ.

ಮನೆಯಿಲ್ಲದವನು ದೋಣಿಯಲ್ಲಿ ಮಲಗುವುದರಲ್ಲಿ ಆಶ್ಚರ್ಯವಿಲ್ಲ. ಧರ್ಣಪ್ಪನಿಗೆ ಮನೆ ಎರಡಿತ್ತು. ಉತ್ತರದ ದಡದಲ್ಲಿ, ಬಂಟ್ವಾಳ ಪೇಟೆಯ ಹಿಂಬದಿಗೆ, ಹೆಂಡತಿ ವಾರಿಜಾಕ್ಷಿಯ ತವರು. ಅಲ್ಲಿ ಅವಳು ಮತ್ತು ಏಳು ವರ್ಷದ ಮಗಳು ಕಾಂತಿ. ಎದುರು ದಡದ ನರಿಕೊಂಬಿನಲ್ಲಿ ತಂಗಿ ನೀಲಾವತಿ ಮತ್ತು ಅವಳ ಮಕ್ಕಳು. ನಮ್ಮ ಕಡೆಯ ಅಳಿಯಕಟ್ಟಿನ ಪ್ರಕಾರ ಗಂಡಸು ತಾನು ಹುಟ್ಟಿದ ಮನೆಗೆ ಯಜಮಾನ, ಕಟ್ಟಿಕೊಂಡವಳ ಮನೆಗೆ ನೆಂಟ. ತಂಗಿಯ ಮಕ್ಕಳ ಹೊಣೆ ಅವನದು, ಸ್ವಂತ ಮಕ್ಕಳ ಹೊಣೆ ಅವರ ಸೋದರಮಾವನದು. ಯಜಮಾನನಾದರೆ ಗದ್ದೆಗೆ ಇಳಿಯಬೇಕು, ನೆಂಟನಾದರೆ ಸದಾ ನಗುತ್ತಿರಬೇಕು. ಧರ್ಣಪ್ಪನಿಗೆ ಎರಡೂ ಒಗ್ಗುತ್ತಿರಲಿಲ್ಲ. ಆದ್ದರಿಂದ ಎರಡು ಮನೆಗೂ ಸರಿಯಾಗಿ ಕಾಣುವಂತೆ ನಡುಹೊಳೆಯಲ್ಲಿ ನಿಂತ.

"ಎರಡು ದಡದವರೂ ಎಳೆದರೆ ದೋಣಿ ನಡುವಿನಲ್ಲೇ ನಿಲ್ಲುವುದು ಮಾಷ್ಟ್ರೇ," ಎನ್ನುತ್ತಿದ್ದ. ಶಾಲೆ ಬಿಟ್ಟ ಮೇಲೆ ನಾನು ಹೊಳೆ ಬದಿಗೆ ಹೋದಾಗಲೆಲ್ಲ ಈ ಮಾತು ತಪ್ಪದೆ ಬರುತ್ತಿತ್ತು. "ನಾನೊಬ್ಬ ಇಲ್ಲದಿದ್ರೆ ಆ ಮನೆಯೂ ನಡೆಯುವುದಿಲ್ಲ, ಈ ಮನೆಯೂ ನಡೆಯುವುದಿಲ್ಲ. ಏನು ಮಾಡುವುದು ಹೇಳಿ, ನಮ್ಮ ಕರ್ಮ!"

ಕರ್ಮ ಎನ್ನುವಾಗ ಅವನ ಮೀಸೆ ಸ್ವಲ್ಪ ಮೇಲೇಳುತ್ತಿತ್ತು.

ಅವನನ್ನು ಕರೆಯಲು ಎರಡು ದಡದಲ್ಲಿಯೂ ಒಂದೊಂದು ಬಿದಿರ ಗಳ ನೆಟ್ಟಿತ್ತು. ಕೆಲಸವಿದ್ದರೆ ಗಳಕ್ಕೆ ಮೈ ಒರೆಸುವ ಬಿಳಿ ಬೈರಾಸು ಕಟ್ಟಬೇಕು, ಧರ್ಣಪ್ಪ ಬರುತ್ತಾನೆ. ಆದರೆ ಅತ್ತಿಗೆ ನಾದಿನಿಯರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಬ್ಬಳು ಬೈರಾಸು ಏರಿಸಿದರೆ ಅರ್ಧ ಗಂಟೆಯೊಳಗೆ ಇನ್ನೊಬ್ಬಳದೂ ಏರುತ್ತಿತ್ತು. ಎರಡು ಬೈರಾಸುಗಳ ನಡುವೆ ಕೂತು ಧರ್ಣಪ್ಪ ಬೀಡಿ ಸೇದುತ್ತಿದ್ದ. ಆ ಹೊತ್ತಿಗೆ ಅವನ ಮುಖ ನೋಡಬೇಕಿತ್ತು. ಎರಡು ರಾಜ್ಯಗಳು ತನಗಾಗಿ ದಂಡೆತ್ತಿ ಬಂದಿವೆ ಎನ್ನುವ ಹಾಗೆ.

ಇಬ್ಬರಲ್ಲಿ ಯಾರ ಹತ್ತಿರವೂ ಹೋಗದಿರುವುದಕ್ಕೆ ಅವನು ಹೇಳುತ್ತಿದ್ದ ಕಾರಣ ಒಂದೇ: "ದೋಣಿಯಲ್ಲಿ ಸರಕು ಉಂಟು. ಬಿಟ್ಟು ಬರ್ಲಿಕ್ಕೆ ಆಗುವುದಿಲ್ಲ."

ಸರಕಿನ ವಿಷಯದಲ್ಲಿ ಹೊಳೆಬದಿಯ ಹೆಂಗಸರಿಗೆ ಸುಳ್ಳು ಹೇಳುವುದು ಸುಲಭವಲ್ಲ. ಖಾಲಿ ದೋಣಿ ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ತುಂಬಿದ್ದು ತಗ್ಗಿ ಕೂರುತ್ತದೆ. ದಡದಲ್ಲಿ ನಿಂತೇ ಎಷ್ಟು ಮುಡಿ ಅಕ್ಕಿ ಎಂದು ಹೇಳಬಲ್ಲ ಹೆಂಗಸರು ಅವರು. ಧರ್ಣಪ್ಪ ಅದಕ್ಕೂ ಉಪಾಯ ಮಾಡಿಕೊಂಡಿದ್ದ. ಅದು ನನಗೆ ಗೊತ್ತಾದದ್ದು ಐವತ್ತೆಂಟನೆಯ ಇಸವಿಯ ಸುಗ್ಗಿ ತಿಂಗಳಲ್ಲಿ, ಅವನ ದೋಣಿಯಲ್ಲಿ ಮಂಗಳೂರಿಗೆ ಹೊರಟ ದಿನ.

ನಾನು ಹೊರಟದ್ದು ಉಪಾಧ್ಯಾಯರ ಸಮ್ಮೇಳನಕ್ಕೆ. ಅಲ್ಲಿ ನಾನೊಂದು ಪ್ರಬಂಧ ಓದುವವನಿದ್ದೆ. ವಿಷಯ 'ಕರ್ತವ್ಯಪ್ರಜ್ಞೆ'. ಬಸ್ಸಿನಲ್ಲಿ ಹೋದರೆ ಇಸ್ತ್ರಿ ಹಾಕಿದ ಜುಬ್ಬ ಮುದುಡುತ್ತದೆ ಎಂದು ದೋಣಿಯಾದೀತೇ ಎಂದು ಕೇಳಲು ಬೆಳಿಗ್ಗೆ ಬೇಗನೆ ಹೋಗಿದ್ದೆ. ಚಪ್ಪರದ ಕೆಳಗೆ ಚಾಪೆಯ ಮೇಲೆ ಕೂತೆ. ಚಾಪೆ ಚುಚ್ಚಿತು. ಎತ್ತಿ ನೋಡಿದರೆ ಕೆಳಗೆ ಅಕ್ಕಿಯೂ ಇಲ್ಲ, ಅಡಿಕೆಯೂ ಇಲ್ಲ. ಹೊಳೆಯ ಉರುಟು ಕಲ್ಲುಗಳು, ದೋಣಿಯ ಅರ್ಧದವರೆಗೆ, ನೀಟಾಗಿ ಜೋಡಿಸಿದ್ದು.

"ಇದೇನು ಧರ್ಣಪ್ಪ?"

ಅವನು ಉತ್ತರಿಸುವ ಮೊದಲೇ ದೋಣಿಯ ಜೊತೆಗಾರ ಮಹಮ್ಮದ್ ಕುಂಞಿ ನಕ್ಕ. "ಅದು ನಮ್ಮ ಧರ್ಣಪ್ಪಣ್ಣನ ಸರಕು ಮಾಷ್ಟ್ರೇ. ಹಾಳಾಗುವುದಿಲ್ಲ, ಇಲಿ ತಿನ್ನುವುದಿಲ್ಲ. ವರ್ಷವಿಡೀ ಇಟ್ಟರೂ ಅಷ್ಟೇ ಉಂಟು."

"ನೀನು ಸುಮ್ಮನೆ ಇರು ಮಾರಾಯ," ಎಂದ ಧರ್ಣಪ್ಪ. ನನ್ನ ಮುಖ ಮಾತ್ರ ನೋಡಲಿಲ್ಲ.

ಆಗಲೇ ನರಿಕೊಂಬಿನ ಗಳಕ್ಕೆ ಬಿಳಿ ಬೈರಾಸು ಏರಿತು. ಅದು ಯಾಕೆಂದು ಅವನಿಗೆ ಗೊತ್ತಿತ್ತು. ಅಂದು ತರವಾಡಿನ, ಎಂದರೆ ತಾಯಿಯ ಕಡೆಯ ಕುಟುಂಬದ, ಹಿರಿಯರಿಗೆ ಅಗೆಲು ಬಡಿಸುವ ದಿನ. ಸತ್ತ ಹಿರಿಯರಿಗೆ ಬಾಳೆಲೆಯಲ್ಲಿ ಕೋಳಿ ಸಾರು, ರೊಟ್ಟಿ ಇಟ್ಟು ಕೈಮುಗಿಯಬೇಕು, ಬಡಿಸಲು ಯಜಮಾನನೇ ಬೇಕು. ತಿರುಗಿ ನೋಡಿದರೆ ಬಂಟ್ವಾಳದ ಗಳದಲ್ಲಿಯೂ ಬಟ್ಟೆ ಹಾರುತ್ತಿತ್ತು. ಅದು ಬಿಳಿಯದಲ್ಲ, ಕೆಂಪು.

"ನೋಡಿದ್ರಾ ಮಾಷ್ಟ್ರೇ, ಇವಳದ್ದು ಈಗ ಕೆಂಪು ಬಾವುಟ!" ಎಂದ ಧರ್ಣಪ್ಪ. "ತಂಗಿಯ ಮನೆಯಲ್ಲಿ ಅಗೆಲು ಅಂತ ಗೊತ್ತಾಗಿರಬೇಕು. ಬಿಳಿ ಸಾಲದು ಅಂತ ಜೋರು ಮಾಡಿದ್ದಾಳೆ. ಅತ್ತ ಹೋದರೆ ಇವಳಿಗೆ ಸಿಟ್ಟು, ಇತ್ತ ಹೋದರೆ ಅವಳಿಗೆ ಸಿಟ್ಟು."

"ಒಮ್ಮೆ ಹೋಗಿ ಕೇಳಿ ಬರುವ ಧರ್ಣಪ್ಪಣ್ಣ," ಎಂದ ಕುಂಞಿ. "ಕೆಂಪು ಇಷ್ಟು ದಿನ ನೋಡಿದ್ದಿಲ್ಲ."

ಧರ್ಣಪ್ಪ ನನ್ನ ಕಡೆ ನೋಡಿದ. ನನ್ನ ಸಭೆ ಮರುದಿನ ಬೆಳಿಗ್ಗೆ. ಬಟ್ಟೆಯ ಬಣ್ಣಕ್ಕಿಂತ ನನ್ನ ಜುಬ್ಬದ ಗಂಜಿಯೇ ನನಗೆ ಮುಖ್ಯವಾಗಿ ಕಂಡಿತು. "ದಿನಾ ಇರುವುದಲ್ಲವಾ ನಿಮ್ಮ ಮನೆಯ ಜಗಳ. ಹೊರಡುವ, ಹೊತ್ತಾಯಿತು," ಎಂದೆ.

ಅಷ್ಟು ಸಾಕಿತ್ತು ಅವನಿಗೆ. "ಮಾಷ್ಟ್ರಿಗೆ ಸರ್ಕಾರಿ ಕೆಲಸ ಉಂಟು ಕುಂಞಿ, ತಡ ಮಾಡ್ಲಿಕ್ಕೆ ಆಗುವುದಿಲ್ಲ," ಎಂದು ಲಂಗರು ಎತ್ತಿದ. ಅರ್ಧ ದೋಣಿ ಕಲ್ಲು ಹೇರಿಕೊಂಡು ನಾವು ಪಾಣೆಮಂಗಳೂರಿನ ಸೇತುವೆ ದಾಟಿದೆವು. ದಾರಿಯುದ್ದಕ್ಕೂ ನಾನು ಚಪ್ಪರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದೆ.

ಬಂದರಿನಲ್ಲಿ ಹಮಾಲಿಗಳು ಓಡಿ ಬಂದು ಚಾಪೆ ಎತ್ತಿ ನೋಡಿ ಹಾಗೆಯೇ ಹಾಸಿಬಿಟ್ಟರು. "ಮಂಗಳೂರಿನಲ್ಲಿ ಕಲ್ಲಿಗೆ ಬರ ಬಂದದ್ದು ನಮಗೆ ಗೊತ್ತೇ ಇರಲಿಲ್ಲ," ಎಂದ ಅವರಲ್ಲೊಬ್ಬ. ಕುಂಞಿ ಕಲ್ಲನ್ನು ನೀರಿಗೆ ಸುರಿಯುವ ಎಂದ. ಧರ್ಣಪ್ಪ ಒಪ್ಪಲಿಲ್ಲ. "ಆರಿಸಿ ತಂದ ಕಲ್ಲು ಮಾರಾಯ. ಊರಿಗೆ ಹೋದ ಮೇಲೆ ಪುನಃ ಬೇಕಾಗ್ತದೆ." ಉಳಿದ ಜಾಗಕ್ಕಾಗುವಷ್ಟು ಉಪ್ಪಿಗೆ ಎರಡು ದಿನ ಕಾದರು. ನಾನು ಆ ಎರಡು ದಿನ ಕರ್ತವ್ಯಪ್ರಜ್ಞೆಯ ಬಗ್ಗೆ ಚಪ್ಪಾಳೆ ಗಿಟ್ಟಿಸಿದೆ.

ಎರಡನೆಯ ದಿನ ಸಂಜೆ ಬಂದರಿಗೆ ಬಂದಾಗ ಧರ್ಣಪ್ಪ ಎರಡು ಪೊಟ್ಟಣ ತೋರಿಸಿದ. ತಂಗಿಗೆ ಒಂದು ರವಕೆ ಕಣ, ಮಗಳಿಗೆ ಹಸಿರು ಗಾಜಿನ ಬಳೆ. "ದೊಡ್ಡ ಆಸ್ಪತ್ರೆಯ ಎದುರು ಒಬ್ಬ ಮಾರ್ತಾನೆ. ಒಳ್ಳೆ ಬಳೆ," ಎಂದ. ಪೊಟ್ಟಣ ಕಟ್ಟುತ್ತ ತಾನಾಗಿಯೇ ಕೇಳಿದ: "ಕೆಂಪು ಯಾಕೆ ಮಾಷ್ಟ್ರೇ? ಅವರ ಮನೆಯಲ್ಲಿ ಕೆಂಪು ಬೈರಾಸು ಇಲ್ಲ."

ನಾನು ಜುಬ್ಬ ಮಡಚುವುದರಲ್ಲಿ ತೊಡಗಿದೆ.

ಮರುದಿನ ಸಮುದ್ರದ ಗಾಳಿಗೆ ಹಾಯಿ ಬಿಚ್ಚಿ ಹೊರಟೆವು. ನರಿಕೊಂಬಿನ ತಿರುವು ದಾಟಿದಾಗ ಧರ್ಣಪ್ಪ ಎದ್ದು ನಿಂತ. ಎರಡು ಗಳಗಳೂ ಬೋಳಾಗಿದ್ದವು. ಎರಡು ದಡದಲ್ಲಿಯೂ ಯಾರೂ ಇರಲಿಲ್ಲ. ದೋಣಿಯಲ್ಲಿ ವಾಸ ಹೂಡಿದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಮೀಸೆ ಅಲ್ಲೇ ಇತ್ತು, ಮುಖ ಅದರ ಹಿಂದೆ ಸಣ್ಣದಾಯಿತು.

ಕಡವಿನ ತುಕ್ರಪ್ಪ ತನ್ನ ದೋಣಿಯನ್ನು ಪಕ್ಕಕ್ಕೆ ತಂದ. "ಎಲ್ಲಿಗೆ ಸತ್ತಿದ್ದೆ ನೀನು?"

"ಮಂಗಳೂರಿಗೆ. ಸರಕು ಇತ್ತು."

"ಸರಕಾ!" ತುಕ್ರಪ್ಪ ನೀರಿಗೆ ಉಗುಳಿದ. "ನಿನ್ನ ಕಾಂತಿಗೆ ಟೈಫಾಯ್ಡು. ಇಲ್ಲಿ ಆಗುವುದಿಲ್ಲ, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿ, ಮಲಗಿಸಿಯೇ ಕೊಂಡುಹೋಗಿ ಅಂತ ಡಾಕ್ಟ್ರು ಹೇಳಿದ್ದು. ಮನೆಯಲ್ಲಿ ಗಂಡಸರಿಲ್ಲ, ನಿನ್ನ ಭಾವ ಮೂಡಬಿದಿರೆಗೆ ಹೋಗಿದ್ದ. ನಿನ್ನ ದೋಣಿ ಉಂಟಲ್ಲ ಅಂತ ವಾರಿಜಾಕ್ಷಿ ಬಟ್ಟೆ ಕಟ್ಟಿದ್ದು. ಬೈರಾಸೆಲ್ಲ ಒದ್ದೆ ಮಾಡಿ ಮಗುವಿನ ಹಣೆಗೆ ಹಾಕಿತ್ತು. ಕೈಗೆ ಸಿಕ್ಕಿದ್ದು ಮಗುವಿನ ಕೆಂಪು ಲಂಗ."

ಕುಂಞಿಯ ಕೈಯಲ್ಲಿ ದೋಣಿ ನೂಕುವ ಗಳ ನಿಂತಿತು.

"ಆಮೇಲೆ?" ಎಂದು ನಾನೇ ಕೇಳಬೇಕಾಯಿತು.

"ಆಮೇಲೆ ಏನು? ನೀಲಾವತಿ ಆಚೆ ದಡದಲ್ಲಿ ನಿಂತು ಲಂಗ ನೋಡಿದಳು. ನಿಮ್ಮ ದೋಣಿ ಹೋಗುವುದನ್ನೂ ನೋಡಿದಳು. ಓಡಿ ಬಂದು ನನ್ನ ದೋಣಿ ಹತ್ತಿದಳು. ಇವತ್ತು ನಿಮ್ಮಲ್ಲಿ ಅಗೆಲು ಅಲ್ವಾ ಅಂತ ಕೇಳಿದೆ. 'ಹಿರಿಯರು ಕಾಯ್ತಾರೆ, ಅವರಿಗೆ ಬೇರೆ ಕೆಲಸ ಇಲ್ಲ. ಜ್ವರ ಕಾಯುವುದಿಲ್ಲ' ಅಂದಳು. ಅತ್ತಿಗೆ ನಾದಿನಿ ಇಬ್ಬರೂ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಬಸ್ಸಿನಲ್ಲಿ ಹೋದರು. ಆ ರಸ್ತೆಯ ಕುಲುಕಾಟದಲ್ಲಿ."

ಧರ್ಣಪ್ಪ ಕೇಳಿದ್ದು ಒಂದೇ ಮಾತು. "ಜೀವ ಉಂಟಾ?"

"ಉಂಟು. ನಿನ್ನೆಯಿಂದ ಸ್ವಲ್ಪ ಗುಣ ಅಂತೆ."

ದೋಣಿಯವನಾಗಿ ಬಸ್ಸು ಹತ್ತುವುದು ಮಾನಕ್ಕೆ ಕಡಿಮೆ ಎಂದು ಬದುಕಿದ್ದವನು ಧರ್ಣಪ್ಪ. ಅಂದು ಬಳೆಯ ಪೊಟ್ಟಣ ಹಿಡಿದುಕೊಂಡು ಓಡಿ ಬಸ್ಸು ಹತ್ತಿದ. ನಾನೂ ಜೊತೆಗೆ ಹೋದೆ. ಅವನಿಗೆ ಆಸರೆಯಾಗಲಿ ಎಂದು ಆಗ ಹೇಳಿಕೊಂಡೆ. ನಿಜವೇನೆಂದರೆ ಮನೆಯಲ್ಲಿ ಕೂರಲು ಧೈರ್ಯವಿರಲಿಲ್ಲ. ಅವನು ಎರಡು ದಿನ ದೋಣಿ ಕಟ್ಟಿದ್ದ ಬಂದರಿಗೂ ಆಸ್ಪತ್ರೆಗೂ ಕಾಲ್ನಡಿಗೆಯಲ್ಲಿ ಕಾಲು ಗಂಟೆಯ ದಾರಿ. ಬಳೆ ಕೊಂಡ ಅಂಗಡಿಯ ಎದುರಿನ ಕಿಟಕಿಯೊಳಗೇ ಮಗಳು ಮಲಗಿದ್ದಳು.

ಜಗಲಿಯ ಬೆಂಚಿನಲ್ಲಿ ನೀಲಾವತಿ ಕೂತಿದ್ದಳು. ಅಣ್ಣನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕಲ್ಲಿಗೆ ಒಳ್ಳೆ ಧಾರಣೆ ಸಿಕ್ಕಿತಾ ಅಣ್ಣ?"

ಅವನು ಕಂಬ ಹಿಡಿದುಕೊಂಡ. "ನಿನಗೆ ಗೊತ್ತಿತ್ತಾ?"

"ವಾರಗಟ್ಟಲೆ ಒಂದೇ ಮಟ್ಟದಲ್ಲಿ ಕೂರುವ ಸರಕು ಎಂಥದ್ದು ಅಂತ ಯಾರಿಗೆ ಗೊತ್ತಾಗುವುದಿಲ್ಲ? ಅತ್ತಿಗೆಗೂ ಗೊತ್ತು. ನಿನಗೆ ಬೇಸರ ಆಗುವುದು ಬೇಡ ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತಾಡಿದೆವು."

ಅವರಿಬ್ಬರು ಹಗ್ಗ ಜಗ್ಗುತ್ತಿದ್ದದ್ದು ಧರ್ಣಪ್ಪನಿಗಾಗಿ ಅಲ್ಲವೇ ಅಲ್ಲವಂತೆ. ಯಾವುದೋ ಮದುವೆಯಲ್ಲಿ ಒಬ್ಬಳಿಗೆ ಹೂ ಕೊಡಲು ಇನ್ನೊಬ್ಬಳು ಮರೆತದ್ದಂತೆ. ಇದನ್ನು ಕೇಳಿದಾಗ ಅವನ ಮುಖದಲ್ಲಿ ಕಂಡದ್ದು ಸಮಾಧಾನವೋ ಅವಮಾನವೋ ನನಗೆ ಇಂದಿಗೂ ತಿಳಿಯದು.

ವಾರಿಜಾಕ್ಷಿ ಒಳಗಿನಿಂದ ಬಂದಳು. ಬೈಯುತ್ತಾಳೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಗಂಡನನ್ನು ನೋಡಿ, "ನಿಮ್ಮ ಊಟ ಆಯಿತಾ?" ಎಂದಳು.

ಧರ್ಣಪ್ಪ ಅಲ್ಲಿಯೇ ನೆಲದ ಮೇಲೆ ಕೂತ. ಬೈದಿದ್ದರೆ ನಿಂತಿರುತ್ತಿದ್ದನೋ ಏನೋ.

ಮಗಳ ಕೈಗೆ ಬಳೆ ತೊಡಿಸಿದ. ಕೈ ಎಷ್ಟು ಸೊರಗಿತ್ತೆಂದರೆ ಬಳೆ ಮೊಣಕೈ ದಾಟಿ ತೋಳಿನವರೆಗೆ ಜಾರಿತು. "ದೊಡ್ಡದಾಯಿತು ಅಪ್ಪ," ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಕಾಂತಿ ಗುಣವಾಗಿ ಊರಿಗೆ ಬಂದದ್ದು ದೋಣಿಯಲ್ಲಿ. ಅದಕ್ಕೆ ಮೊದಲು ಧರ್ಣಪ್ಪ ಕಲ್ಲುಗಳನ್ನೆಲ್ಲ ಇಳಿಸಿದ. ಕುಂಞಿ ಕೈಹಾಕಲು ಬಂದರೆ, "ಬೇಡ ಮಾರಾಯ, ಇದು ನಾನು ಹೇರಿದ್ದು," ಎಂದ. ಒಂದೊಂದಾಗಿ ಹೊತ್ತು ಅರ್ಧವನ್ನು ಬಂಟ್ವಾಳದ ದಡದಲ್ಲಿ, ಅರ್ಧವನ್ನು ನರಿಕೊಂಬಿನಲ್ಲಿ ಮೆಟ್ಟಿಲಾಗಿ ಜೋಡಿಸಿದ. ಅಗೆಲು ತಡವಾಗಿ ನಡೆಯಿತು. ಬಡಿಸಿದ್ದು ಅವನೇ. ಎಲೆಯೆದುರು ಎಷ್ಟು ಹೊತ್ತು ಕೈಮುಗಿದು ನಿಂತಿದ್ದನೆಂದರೆ ಸಾರು ತಣಿದು ನೀಲಾವತಿಗೆ ಕೋಪ ಬಂತಂತೆ. ಎರಡು ಗಳಗಳೂ ಹಾಗೆಯೇ ಇದ್ದವು. ಈಗ ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಧರ್ಣಪ್ಪ ಮಾತ್ರ ಬಟ್ಟೆ ಹಾರಿದಾಗಲೆಲ್ಲ, ಅದು ಯಾರ ಸೀರೆಯೇ ಆಗಿರಲಿ, ದಡಕ್ಕೆ ಬಂದು "ಏನಾದರೂ ಉಂಟಾ?" ಎಂದು ಕೇಳಿ ಹೋಗುತ್ತಿದ್ದ. ಹೆಂಗಸರಿಗೆ ಅದೊಂದು ಉಪದ್ರವವೇ ಆಯಿತು.

ಮಳೆಗೆ ಮುಂಚೆ ಒಂದು ಸಂಜೆ ಅವನ ದೋಣಿಗೆ ಹೋಗಿದ್ದೆ. ಕಾಂತಿ ಚಪ್ಪರದ ಕೆಳಗೆ ಚಾಪೆಯಲ್ಲಿ ಕಾಲು ಚಾಚಿ ಮಲಗಿದ್ದಳು. ಅಳತೆ ನೋಡುವವಳಂತೆ ಅತ್ತ ಇತ್ತ ಹೊರಳಿದಳು.

"ಅಪ್ಪ, ಆ ದಿನ ದೋಣಿಯಲ್ಲಿ ನನಗೆ ಜಾಗ ಇರಲಿಲ್ವಾ?"

ಧರ್ಣಪ್ಪ ಒಲೆಗೆ ಸೌದೆ ಇಡುತ್ತಿದ್ದವನು ಕೈ ನಿಲ್ಲಿಸಿದ. ಸರಕು ಇತ್ತು ಎನ್ನಬಹುದಿತ್ತು. ಮಾಷ್ಟ್ರು ಇದ್ದರು ಎನ್ನಬಹುದಿತ್ತು. ನಾನು ಕಾದೆ.

"ಇತ್ತು ಮಗಾ," ಎಂದ. "ಜಾಗ ಇತ್ತು."

ಅವಳು ಮಲಗಿದ್ದ ಚಾಪೆಯ ತುದಿಯಲ್ಲಿ ನಾನು ಕೂತಿದ್ದೆ. ಎದ್ದು ದೋಣಿಯ ಅಂಚಿಗೆ ಹೋಗಿ ಕೂತೆ.