ಎದುರುಮನೆ ಅಕ್ಕನ ಹುಲ್ಲುಹಾಸು

ಜೂಜುವಾಡಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ಮಾತಾಡುವಾಗಲೂ ನೆಲವನ್ನೇ ನೋಡುತ್ತಿದ್ದರು. ಅವರ ಮನೆ ಮುಂದೆ ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಹುಲ್ಲುಹಾಸಿತ್ತು. ಚಳಿಗಾಲ ಮುಗಿಯುವಷ್ಟರಲ್ಲಿ ಅದು ಅಲ್ಲಲ್ಲಿ ಬೋಳಾಗಿ, ಉಳಿದ ಕಡೆ ಜೇಕು ಎದ್ದಿರುತ್ತಿತ್ತು. ಯುಗಾದಿ ಹತ್ತಿರವಾದಂತೆ ಅಕ್ಕ ಸೀರೆ ಎತ್ತಿಕಟ್ಟಿ, ಹಳೆಯ ಸ್ಕ್ರೂಡ್ರೈವರಿನಿಂದ ಆ ಕಳೆಯ ಗೆಡ್ಡೆಗಳನ್ನು ಒಂದೊಂದಾಗಿ ಮೀಟಿ ತೆಗೆಯುತ್ತಿದ್ದರು. "ಮೇಲ್ಮೇಲೆ ಕಿತ್ರೆ ನಮ್ಗೇ ಮೋಸ ಕಣವ್ವ," ಎನ್ನುವುದು ಅವರ ಮಾತು. ರಾಯಕೋಟೆಯ ತವರಿನ ಹೊಲವನ್ನು ಅಣ್ಣಂದಿರು ಮಾರಿದ ಮೇಲೆ ಅವರ ಕೈಗೆ ಮಣ್ಣು ಸಿಗುತ್ತಿದ್ದುದು ಇಲ್ಲಿ ಮಾತ್ರ.

ಹೋದ ವರ್ಷ ಬೋಳು ಜಾಗಕ್ಕೆಲ್ಲ ಜರಡಿ ಹಿಡಿದ ಮಣ್ಣು ಹಾಕಿ, ಹುಲ್ಲಿನ ಬೇರುಕಡ್ಡಿ ನೆಟ್ಟು, ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ತಂದು ಹನಿಸಿದರು. ಹಬ್ಬದ ಹೊತ್ತಿಗೆ ಹಸಿರು ಕೂಡಿಕೊಂಡಿತು. "ಒಂದ್ಕಿತ ಕಾಲಿಟ್ಟು ನೋಡು," ಎಂದು ನನ್ನ ಚಪ್ಪಲಿ ಬಿಡಿಸಿ ಅದರ ಮೇಲೆ ನಡೆಸಿದರು.

ಹಬ್ಬ ಮುಗಿದು ಅವರು ತಂಗಿಯ ಮನೆಗೆ ಹೋದಾಗ ಅವರ ಗಂಡ ಹುಲ್ಲನ್ನೆಲ್ಲ ಕೆರೆಸಿ, ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸಿದರು. ಅಕ್ಕ ಆಟೋದಿಂದ ಇಳಿದಾಗ ನಾನು ನಮ್ಮ ಗೇಟಿನ ಬಳಿ ಇದ್ದೆ.

"ಇನ್ಮ್ಯಾಕೆ ಕಳೆ ಕೀಳೋ ಕಾಟ ತಪ್ತು ನಿಂಗೆ," ಎಂದು ಗಂಡ ನಕ್ಕರು. ಉಪಕಾರ ಮಾಡಿದೆನೆಂದೇ ಅವರು ನಂಬಿದ್ದರು.

"ನನ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ಲಿಲ್ವಾ?" ಎಂದರು ಅಕ್ಕ.

"ಹುಲ್ಲಿಗೆಲ್ಲ ಕೇಳ್ತಾರಾ?"

ಅಕ್ಕ ಚೀಲ ಎತ್ತಿಕೊಂಡು, ಕಾಂಕ್ರೀಟಿನ ಮೇಲೆ ಕಾಲಿಡದೆ ಪಕ್ಕದ ಸಂದಿಯಲ್ಲಿ ಬಳಸಿ ಹಿಂಬಾಗಿಲಿನಿಂದ ಒಳಗೆ ಹೋದರು. ಆಮೇಲೆ ಅವರು ಆ ಮನೆಯ ಮುಂಬಾಗಿಲು ದಾಟಿದ್ದನ್ನು ನಾನು ನೋಡಲಿಲ್ಲ.