ಬಂಡೆಮ್ಮನ ಆಸ್ಮಾನಿ

ಕಮಲಾಪುರದ ಬಂಡೆಮ್ಮನಿಗೆ ಊರವರು ಇಟ್ಟ ಹೆಸರು ‘ಕೋಳಿ ಬೀಗತಿ’. ಕೋಳಿಗೂ ಕುಲ-ಬೆಡಗು ನೋಡಿ, ಸಂಬಂಧ ವಿಚಾರಿಸಿ ಗಂಡು ಹೆಣ್ಣು ಕೂಡಿಸುವ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳಿದ್ದಾಳೆಯೇ? ನಗುವವರು ನಗಲಿ ಬಿಡಿ. ನಕ್ಕವರ ಅಂಗಳದಲ್ಲಿ ಮುಗಿಲ ಬಣ್ಣದ ಹಕ್ಕಿ ಎಂದೂ ಓಡಾಡಿಲ್ಲ.

ಅವಳು ಸಾಕಿದ್ದು ನಾಟಿ ಕೋಳಿಯಲ್ಲ, ಟರ್ಕಿ ಕೋಳಿ. ಅವು ಮೊದಲು ಬಂದದ್ದು ಅವಳ ಬಾಲ್ಯದ ಗೆಳತಿ ರೋಷನಬಿಯ ತಂದೆಯ ತೋಟಕ್ಕೆ. ಕಲಬುರಗಿಯ ಶಹಾಬಜಾರದಲ್ಲಿ ಮನೆ, ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಇದ್ದ ಅನುಕೂಲಸ್ಥರು ಅವರು. ಸಿಕಂದರಾಬಾದಿನ ದಂಡಿನಲ್ಲಿ ಗೋರಾ ಸಾಹೇಬರು ಸಾಕಿದ್ದನ್ನು ಕಂಡು ಮನಸೋತು, ಬುಟ್ಟಿಯಲ್ಲಿ ತುಂಬಿ ರೈಲಿಗೆ ಹಾಕಿಕೊಂಡು ಬಂದಿದ್ದರು. ಹೆಚ್ಚಿನವು ತಾಮ್ರದ ಹೊಳಪಿನ ಕಪ್ಪು ಹಕ್ಕಿಗಳು. ಕೆಲವು ಮಾತ್ರ ಮೈತುಂಬ ತಿಳಿ ಬೂದಿನೀಲಿ. ಆ ಮುಗಿಲ ಬಣ್ಣಕ್ಕೆ ರೋಷನಬಿ ‘ಆಸ್ಮಾನಿ’ ಎನ್ನುತ್ತಿದ್ದಳು.

ಬಂಡೆಮ್ಮ ಆ ತೋಟದ ಆಳಿನ ಮಗಳು. ರೋಷನಬಿ ಅವಳಿಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಉಳ್ಳಾಗಡ್ಡಿಯ ಹಸಿರು ತಪ್ಪಲು ಹೆಚ್ಚಿ ಮರಿಗಳಿಗೆ ತಿನ್ನಿಸುತ್ತ, ಉದುರಿದ ಪುಕ್ಕ ಆಯ್ದು ಜಡೆಗೆ ಸಿಕ್ಕಿಸಿಕೊಳ್ಳುತ್ತ ಬೆಳೆದರು. ರೋಷನಬಿ ಆಸ್ಮಾನಿ ಹುಂಜಕ್ಕೆ ಆಸ್ಮಾನಿ ಹೆಣ್ಣನ್ನೇ ಜೋಡಿ ಮಾಡುತ್ತಿದ್ದಳು. ಎರಡೂ ಒಂದೇ ತಾಯಿಯ ಮರಿಗಳಾದರೂ ಸರಿಯೇ.

“ಥೂ! ಅಣ್ಣ-ತಂಗಿ ಅಲ್ಲೇನ್ ರೋಷನಕ್ಕ?” ಎಂದು ಬಂಡೆಮ್ಮ ಮುಖ ತಿರುಗಿಸುತ್ತಿದ್ದಳು.

“ಕೋಳಿಗಿ ಎಲ್ಲೀ ಬೆಡಗು ಬಂಡಿ?” ಎಂದು ರೋಷನಬಿ ನಗುತ್ತಿದ್ದಳು. ಆ ನಗುವಿಗೆ ಅಂಗಳದ ಹುಂಜಗಳೆಲ್ಲ ಒಟ್ಟಿಗೆ ಗುಳುಗುಳು ಎಂದು ಕೂಗುತ್ತಿದ್ದವು. ಬಂಡೆಮ್ಮನಿಗೆ ಮುಂದೆ ಎಷ್ಟೋ ವರ್ಷ ಕನಸಿನಲ್ಲಿ ಕೇಳಿಸಿದ್ದು ಆ ಸದ್ದು.

ಆಮೇಲೆ ಕೆಟ್ಟ ಕಾಲ ಬಂತು. ರಜಾಕಾರರ ಹೆದರಿಕೆಗೆ ಬಂಡೆಮ್ಮನ ಮನೆಯವರು ಆ ಬಾಳೆತೋಟದಲ್ಲಿ ಅಡಗಿದಾಗ ರೋಷನಬಿ ಸೆರಗಿನಲ್ಲಿ ರೊಟ್ಟಿ ತಂದುಕೊಟ್ಟಳು. ಪೊಲೀಸ್ ಕಾರ್ವಾಯಿ ಆಗಿ ನಿಜಾಮನ ಆಳ್ವಿಕೆ ಮುಗಿದ ವಾರ ರೋಷನಬಿಯ ಮನೆಯವರು ಸೇಡಿಗೆ ಹೆದರಿ ಅದೇ ಬಾಳೆಗಳ ನಡುವೆ ಅಡಗಿದರು. ರೊಟ್ಟಿ ಒಯ್ಯುವ ಸರದಿ ಬಂಡೆಮ್ಮನದಾಯಿತು. ತೋಟದ ಹಕ್ಕಿಗಳನ್ನು ಸಿಕ್ಕವರು ಸಿಕ್ಕಂತೆ ಹಿಡಿದುಕೊಂಡು ಹೋದರು. ಉಳಿದದ್ದು ಒಂದು ಆಸ್ಮಾನಿ ಹುಂಜ ಮತ್ತು ಸಿಕಂದರಾಬಾದಿನಿಂದ ಆ ವರ್ಷವಷ್ಟೇ ಬಂದಿದ್ದ ಒಂದು ತಾಮ್ರದ ಹೆಣ್ಣು.

ಹೈದರಾಬಾದಿಗೆ ಹೊರಡುವಾಗ ರೋಷನಬಿ ಅವೆರಡನ್ನೂ ಬಂಡೆಮ್ಮನ ಗುಡಿಸಲ ಮುಂದೆ ಇಳಿಸಿದಳು.

“ಬಂಡಿ, ನಾ ಬರೂತನಕ ಆಸ್ಮಾನಿ ಬಣ್ಣ ಉಳಸು.”

“ಉಳಸ್ತೀನಿ. ನೀ ಬರ್ತಿ ಹೌದಿಲ್ಲೊ?”

“ಬಣ್ಣ ನೋಡ್ಲಾಕರೆ ಬರ್ತೀನಿ.”

ಬಂಡೆಮ್ಮ ಆ ಮಾತನ್ನು ಗಂಟು ಹಾಕಿಕೊಂಡಳು. ಬಣ್ಣ ಉಳಿದರೆ ರೋಷನಕ್ಕ ಬರುತ್ತಾಳೆ, ಬಣ್ಣ ಹೋದರೆ ಅವಳೂ ಹೋದಂತೆ. ಹೀಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ತಾನೇ ನಂಬಿಕೊಂಡಳು.

ಮೊದಲ ಕಾವಿಗೆ ಒಡೆದ ಮರಿಗಳೆಲ್ಲ ತಾಮ್ರ. ಒಂದಾದರೂ ಅಪ್ಪನನ್ನು ಹೋಲಬಾರದೇ! ಗಂಡ ಮರೆಪ್ಪ, “ನೂಲಿನಂಗ ಸೀರಿ, ತಾಯಿನಂಗ ಮಗಳು” ಎಂದು ನಕ್ಕ. ಮರೆಪ್ಪ ಬೇರೆ ಯಾರೂ ಅಲ್ಲ, ಬಂಡೆಮ್ಮನ ಸ್ವಂತ ಸೋದರಮಾವ, ತಾಯಿಯ ತಮ್ಮ. ಈ ಸೀಮೆಯಲ್ಲಿ ಅಕ್ಕನ ಮಗಳೆಂದರೆ ತಮ್ಮನಿಗೆ ಹುಟ್ಟುತ್ತಲೇ ಗೊತ್ತಾದ ಹೆಣ್ಣು. ಮದುವೆಯಾದ ಮೇಲೂ ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

ಮರುವರ್ಷದ ಮಳೆಗಾಲದ ತಂಡಿಗೆ ಆಸ್ಮಾನಿ ಹುಂಜ ಸತ್ತಿತು. ಬಂಡೆಮ್ಮ ಮೂರು ಹೊತ್ತು ಉಣ್ಣಲಿಲ್ಲ. ಕೋಳಿಗೆ ಯಾರು ಇಷ್ಟು ಅಳುತ್ತಾರೆ ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವಳು ಅತ್ತದ್ದು ಕೋಳಿಗಲ್ಲ.

ಇನ್ನು ಉಳಿದವು ಅದರ ಮಕ್ಕಳು. ಒಂದೇ ತಂದೆಯವನ್ನು ಒಂದೇ ಅಂಗಳದಲ್ಲಿ ಬಿಡುವುದುಂಟೇ? ಶಹಾಬಜಾರದಲ್ಲಿ ರೋಷನಬಿಯ ಚಾಚಿ ಜೈನಾಬಿ ಉಳಿದಿದ್ದಳು, ಅವಳ ಹಿತ್ತಲಲ್ಲಿ ಬೇರೆ ತಳಿಯ ಒಂದು ತಾಮ್ರದ ಹುಂಜವಿತ್ತು. ಬಂಡೆಮ್ಮ ಹೆಣ್ಣುಗಳನ್ನೆಲ್ಲ ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಅಲ್ಲಿಗೆ ಕಳಿಸಿದಳು. ತನ್ನ ಬಳಿ ಉಳಿದ ಹುಂಜಕ್ಕೆ ಸೇಡಂ ಕಡೆಯಿಂದ ಪರತಳಿಯ ಹೆಣ್ಣು ತರಿಸಿದಳು. ಸಂಬಂಧವೇನೋ ಪದ್ಧತಿ ಪ್ರಕಾರ ಚೆನ್ನಾಯಿತು. ಮರಿಗಳು ಮಾತ್ರ ಇಲ್ಲೂ ತಾಮ್ರ, ಅಲ್ಲೂ ತಾಮ್ರ, ವರ್ಷ ವರ್ಷವೂ ತಾಮ್ರ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವಳ ಮದ್ದು ಹಿತ್ತಲಲ್ಲೂ ಅಲ್ಲ, ತೊಡೆಯ ಮೇಲೆಯೇ ಇತ್ತು. ಒಂದು ದಿನ ಮಗಳ ಮುಖ ತೊಳೆಯುತ್ತಿದ್ದಳು. ಕೂಸಿನದು ಬೆಕ್ಕಿನ ಕಣ್ಣು. ಬಂಡೆಮ್ಮನ ಕಣ್ಣು ಕಪ್ಪು, ಮರೆಪ್ಪನದೂ ಕಪ್ಪು. ಅಂಥ ಕಣ್ಣು ಇದ್ದದ್ದು ಮರೆಪ್ಪನ ಸತ್ತ ತಾಯಿಗೆ, ಅಂದರೆ ಬಂಡೆಮ್ಮನ ಅಜ್ಜಿಗೆ. ನೀರು ಸುರಿಯುವ ಕೈ ಅಲ್ಲಿಗೇ ನಿಂತಿತು.

“ಮಾವ! ಅಜ್ಜಿ ಕಣ್ಣು ನಿನ್ನೊಳಗೂ ಅಡಗಿತ್ತು, ನನ್ನೊಳಗೂ ಅಡಗಿತ್ತು. ನಾವಿಬ್ರು ಕೂಡಿದ್ದಕ್ಕ ಕೂಸಿನ ಮಕದಾಗ ಹೊರಗ ಬಂತು.”

“ಹೌದು. ಅದಕ್ಕೇನೀಗ?”

“ನಮ್ಮ ಹುಂಜಕ್ಕ ಅಕ್ಕನ ಮಗಳನ್ನೇ ತರಬೇಕು.”

ಮರೆಪ್ಪ ತಲೆ ಚಚ್ಚಿಕೊಂಡ. ಆದರೂ ಶಹಾಬಜಾರಕ್ಕೆ ಹೋಗಿ, ಆ ಹುಂಜದ ಅಕ್ಕಂದಿರ ಮರಿಗಳಲ್ಲಿ ಎರಡು ಹೆಣ್ಣುಗಳನ್ನು ಬಗಲಲ್ಲಿ ಇರುಕಿಕೊಂಡು ಬಂದ. ಅಣ್ಣ-ತಂಗಿಯಾದರೆ ಪಾಪ, ಮಾವ-ಸೊಸೆಯಾದರೆ ಪದ್ಧತಿ. ಬಂಡೆಮ್ಮನ ಮನಸ್ಸಿಗೂ ಸಮಾಧಾನ. ಮೊದಲನೆಯ ಹೆಣ್ಣಿನ ಮರಿಗಳೆಲ್ಲ ತಾಮ್ರ. ಪಾಪ, ಅದರೊಳಗೆ ಬಣ್ಣ ಇಳಿದಿರಲಿಲ್ಲ. ಎರಡನೆಯದರ ಕಾವಿನಲ್ಲಿ, ಕಂದು ಮರಿಗಳ ನಡುವಿನಿಂದ ಒಲೆಯ ಬೂದಿ ಮೆತ್ತಿದಂಥ ಒಂದು ಮರಿ ಕತ್ತು ಹೊರಗೆ ಹಾಕಿತು. ಬಂಡೆಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು, “ಬಂದ್ಯಾ ನನ್ನವ್ವ, ಇನ್ನ ಅಕಿ ಬರ್ತಾಳ” ಎಂದಳು.

ಬಂದಳು ಕೂಡ. ಮರಿ ಬೆಳೆದು ಬಾಲ ಬಿಚ್ಚಿ ಮೆರೆಯುವ ಹುಂಜವಾದ ಹೊತ್ತಿಗೆ, ಶಹಾಬಜಾರದಲ್ಲಿದ್ದ ತಂದೆಯ ಮನೆ ಮಾರಲು ರೋಷನಬಿ ಬಂದಿದ್ದಾಳೆ ಎಂದು ಜೈನಾಬಿ ಹೇಳಿಕಳಿಸಿದಳು. ಬಂಡೆಮ್ಮ ಹಬ್ಬದ ಸೀರೆ ಉಟ್ಟು, ಹುಂಜವನ್ನು ಬುಟ್ಟಿಯಲ್ಲಿ ಕೂಡಿಸಿ ಮೊದಲ ಬಸ್ಸಿಗೇ ಹೊರಟಳು.

ರೋಷನಬಿ ತೆಳ್ಳಗಾಗಿದ್ದಳು, ಮುಂದಲೆ ನರೆತಿತ್ತು. ಬುಟ್ಟಿ ತೆರೆದದ್ದೇ ಬಾಯಿಗೆ ಕೈಯಿಟ್ಟಳು. “ಯಾ ಅಲ್ಲಾ, ಆಸ್ಮಾನಿ!” ಬಂಡೆಮ್ಮ ಮಾವ-ಸೊಸೆಯ ಕತೆ ಹೇಳಿದಾಗ ಅವಳು ಹಳೆಯ ಹಾಗೆಯೇ ನಕ್ಕಳು. ನಗುವಿಗೆ ಹುಂಜ ಗುಳುಗುಳು ಎಂದಿತು. ಬಂಡೆಮ್ಮನಿಗೆ ಹೋದ ವರ್ಷಗಳೆಲ್ಲ ಹೋಗಿಯೇ ಇಲ್ಲ ಎನ್ನಿಸಿತು.

“ತಗೊಂಡು ಹೋಗು ರೋಷನಕ್ಕ. ಇಲ್ಲಂದ್ರ ನೀನೇ ಇಲ್ಲಿ ಇರು.”

“ಎಲ್ಲಿಗಿ ಒಯ್ಲಿ? ಮ್ಯಾಲಿನ ಮಾಳಿಗ್ಯಾಗ ಎರಡು ಖೋಲಿ, ಕೋಳಿ ಕೂಗಿದ್ರ ಮಾಲಕ ಹೊರಗ ಹಾಕ್ತಾನ. ಇಲ್ಲಿ ಇರ್ಲಾಕ ಮನಿನೇ ಹೋಯ್ತು.” ಬಂಡೆಮ್ಮನ ಕೈ ಹಿಡಿದು ಮೆಲ್ಲಗೆ ಹೇಳಿದಳು, “ನಾ ಬರೂತನಕ ಉಳಸು ಅಂದಿದ್ದೆ. ಉಳಸ್ದಿ. ನಾನೂ ಬಂದೆ. ಮಾತು ತೀರ್ತು ಬಂಡಿ. ಇನ್ನ ನೀ ಇದರ ಕಾಳಜಿ ಬಿಡು.”

ಅಗಲಿಕೆಯನ್ನು ಬಂಡೆಮ್ಮ ತಡೆದುಕೊಂಡಿದ್ದಳು. ಮಾತು ತೀರಿದ್ದನ್ನು ತಡೆಯಲಾಗಲಿಲ್ಲ. ತುಂಬಿದ ಬುಟ್ಟಿಯನ್ನೇ ತೊಡೆಯ ಮೇಲಿಟ್ಟುಕೊಂಡು ಕಮಲಾಪುರದವರೆಗೂ ಅಳುತ್ತಲೇ ಬಂದಳು.

ಮುಂದಿನ ಕಾವಿಗೆ ಜೋಡಿ ಮಾಡುವಾಗ, ಆಸ್ಮಾನಿಯ ಸೋದರತ್ತೆಯ ಮಗಳೊಂದನ್ನು ಜೈನಾಬಿಯ ಮನೆಯಿಂದ ತರಲೇ ಎಂದು ಮರೆಪ್ಪ ತಾನಾಗಿಯೇ ಕೇಳಿದ. ಬಂಡೆಮ್ಮ ಬೇಡವೆಂದಳು. ಸೇಡಂ ಕಡೆಯಿಂದ ಪರತಳಿಯ ತಾಮ್ರದ ಹೆಣ್ಣನ್ನು ತರಿಸಿ ಆಸ್ಮಾನಿ ಹುಂಜದ ಜೊತೆ ಬಿಟ್ಟಳು. ಮರಿಗಳೆಲ್ಲ ತಾಮ್ರದ ಬಣ್ಣದಲ್ಲೇ ಒಡೆದವು.

“ಹುಚ್ಚಿ! ಇಷ್ಟು ವರ್ಷ ಕಾದು ಪಡದ ಬಣ್ಣ ಮತ್ತ ಕಳಕೊಂಡ್ಯಲ್ಲ?” ಎಂದು ಮರೆಪ್ಪ ಬೈದ.

“ಕಳದಿಲ್ಲ ಮಾವ, ಒಳಗ ಹೋಗ್ಯಾದ,” ಎಂದಳು ಬಂಡೆಮ್ಮ. “ಹೊರಗ ಇದ್ರ ಅಕಿ ಬಂದು ಹೋದಳು ಅಂತ ದಿನಾ ನೆನಪಾಗ್ತದ. ಒಳಗಿದ್ರ, ಇನ್ನೂ ಬರಬೇಕು ಅಂತ ಕಾಯಬಹುದು.”

ಹಾಗೆಂದು, ಮರಿಗಳಿಗೆ ಹಾಕಲು ಉಳ್ಳಾಗಡ್ಡಿ ತಪ್ಪಲು ಹೆಚ್ಚುತ್ತ ಕುಳಿತಳು.